ಮುಚ್ಚಿಡುವುದಷ್ಟೇ ಉಪಗೂಹನವಲ್ಲ

ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದೆಂಬುದನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಶ್ರಾವಕನ ಎಂಟು ಮೂಲಗುಣಗಳನ್ನು ಹೇಳಿದ್ದಾರೆ. ನಿಷೇಧ ಇಷ್ಟು ಸ್ಪಷ್ಟವಾಗಿರುವುದರಿಂದಲೇ ಒಂದು ತೊಡಕೂ ಉಂಟು. 'ನಮ್ಮವರು ಕುಡಿಯುವುದಿಲ್ಲ' ಎಂಬ ನಂಬಿಕೆ ಕಣ್ಣೆದುರಿನ ಲಕ್ಷಣವನ್ನೂ ಕಾಣಗೊಡುವುದಿಲ್ಲ.

ರಸ್ತೆಯಲ್ಲಿ ತೂರಾಡುವವನೇ ವ್ಯಸನಿಯೆಂದು ತಿಳಿದವರು ಬಹಳ. ಮೊದಲು ಸ್ವಲ್ಪಕ್ಕೇ ಅಮಲೇರುತ್ತಿದ್ದವನು ಈಗ ಎಷ್ಟು ಕುಡಿದರೂ ನೆಟ್ಟಗೆ ನಡೆಯುತ್ತಾನೆಂದರೆ ಅದು ಸಂಯಮವಲ್ಲ, ದೇಹವು ಮದ್ಯಕ್ಕೆ ಒಗ್ಗಿಹೋದ ಗುರುತು. ಮುಂಜಾನೆ ಕೈ ನಡುಗುವುದು, ಒಂದಿಷ್ಟು ಒಳಗೆ ಹೋದೊಡನೆ ಆ ನಡುಕ ನಿಲ್ಲುವುದು, 'ಇವತ್ತು ಒಂದೇ' ಎಂದು ಕುಳಿತವನಿಗೆ ಏಳಲಾಗದಿರುವುದು: ಇವು ಇನ್ನೂ ಸ್ಪಷ್ಟವಾದ ಗುರುತುಗಳು. ತಂದೆಯ ಕುಡಿತ ಎಷ್ಟೋ ಸಲ ಮೊದಲು ತಿಳಿಯುವುದು ಮಕ್ಕಳ ಹಾಜರಿ ಪುಸ್ತಕದಿಂದ. ಇದು ಮಾಷ್ಟ್ರುಗಳಿಗೆ ಗೊತ್ತಿರುವ ಸಂಗತಿ.

ಅಮೆರಿಕದ ವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳನ್ನು ವೈದ್ಯರು ಇಂದಿಗೂ ಕೇಳುತ್ತಾರೆ. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಯಾರಾದರೂ ಆಕ್ಷೇಪಿಸಿದಾಗ ಸಿಟ್ಟು ಬಂದಿದೆಯೇ? ಕುಡಿದುದಕ್ಕೆ ಅಪರಾಧಭಾವ ಕಾಡಿದೆಯೇ? ಬೆಳಿಗ್ಗೆ ಎದ್ದೊಡನೆ ಚೇತರಿಸಿಕೊಳ್ಳಲು ಕುಡಿದದ್ದುಂಟೇ? ಎರಡಕ್ಕೆ 'ಹೌದು' ಎಂದರೆ ವೈದ್ಯರ ಬಳಿಗೆ ಹೋಗಲೇಬೇಕು. ದಿನವೂ ಪ್ರತಿಕ್ರಮಣದಲ್ಲಿ ತನ್ನ ದೋಷವನ್ನು ತಾನೇ ಎಣಿಸಿಕೊಳ್ಳುವ ಪರಂಪರೆಯವರಿಗೆ ಈ ಪ್ರಶ್ನೆಗಳು ಅಪರಿಚಿತವಾಗಿ ತೋರಲಾರವು.

ಆದರೆ ವ್ಯಸನಿಯು ನಿಜವಾದ ಉತ್ತರ ಕೊಡುವುದು ಅಪರೂಪ. ನಮ್ಮ ಕರ್ಮಸಿದ್ಧಾಂತದಲ್ಲಿ ಮೋಹನೀಯ ಕರ್ಮಕ್ಕೆ ಮದ್ಯದ ಉಪಮೆಯನ್ನೇ ಕೊಟ್ಟಿರುವುದು ಸುಮ್ಮನೆ ಅಲ್ಲ. ಅದಕ್ಕೆ ವಶನಾದವನು ತನ್ನ ಸ್ಥಿತಿಯನ್ನು ತಾನು ಅರಿಯನು. ಆದುದರಿಂದ ಗುರುತಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ.

ಮನೆಯವರಾದರೋ ಮಾನಕ್ಕೆ ಅಂಜಿ ಮುಚ್ಚಿಡುತ್ತಾರೆ, ಕೇಳಿದರೆ ಉಪಗೂಹನವೆನ್ನುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದು ಉಪಗೂಹನ ನಿಜ. ಅದರ ಬೆನ್ನಿಗೇ ಇರುವ ಆರನೆಯದು ಸ್ಥಿತಿಕರಣ, ಎಂದರೆ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಐದನೆಯದರಲ್ಲೇ ನಿಂತುಬಿಟ್ಟ ಮನೆಯಲ್ಲಿ ಕಾಯಿಲೆ ಬಲಿಯುತ್ತದೆ. ಊರಿಗೆ ಸಾರಬೇಕಿಲ್ಲ, ವೈದ್ಯರಿಗೆ ಹೇಳಿದರೆ ಸಾಕು.

ಇನ್ನೊಂದು ಎಚ್ಚರಿಕೆ. ಬಸದಿಯಲ್ಲಿ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿ, ಒಂದೇ ದಿನದಲ್ಲಿ ಬಿಡಿಸುವ ಹಟ ಬೇಡ. ಬಹುಕಾಲ ದಿನವೂ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ, ಭ್ರಮೆ ಕಾಣಿಸಿಕೊಳ್ಳಬಹುದು; ಪ್ರಾಣಕ್ಕೂ ಅಪಾಯವುಂಟು. ವ್ರತವು ಔಷಧದೊಡನೆ ನಡೆಯಲಿ.

ನಮ್ಮ ಜಿಲ್ಲೆಯವರು ಇದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಿದೆ. ಶಿಬಿರ ಮುಗಿಸಿದವರು ಮರಳಿ ಜಾರದಂತೆ ಒಬ್ಬರಿಗೊಬ್ಬರು ಆಸರೆಯಾಗಲು ನವಜೀವನ ಸಮಿತಿಗಳಿವೆ.