ಬಿಲ್ಲು ಸೊನ್ನೆ, ಸಾಲ ಇಪ್ಪತ್ತು ಸಾವಿರ



ನಮ್ಮ ಕೇರಿಯ ಒಬ್ಬ ತಾಯಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಆಯುಷ್ಮಾನ್ ಕಾರ್ಡು ಇತ್ತು. ಆಪರೇಷನ್ ಆಯಿತು, ಜೀವ ಉಳಿಯಿತು, ಆಸ್ಪತ್ರೆಯವರು ಒಂದು ಪೈಸೆ ಕೇಳಲಿಲ್ಲ. ಜಗಲಿ ಮೇಲೆ ಕೂತ ಊರಿನವರು 'ಇವರಿಗೇನಪ್ಪಾ, ಎಲ್ಲಾ ಪುಕ್ಕಟೆ' ಅಂದರು. ನಮ್ಮವರೇ ಕೆಲವರು ಕಾರ್ಡು ಕೊಟ್ಟವರಿಗೆ ಕೈ ಮುಗಿದರು. ಇದಾಗಿ ಆರು ತಿಂಗಳು. ಆ ತಾಯಿ ಇವತ್ತಿಗೂ ತಿಂಗಳಿಗೆ 600 ರೂಪಾಯಿ ಬಡ್ಡಿ ಕಟ್ಟುತ್ತಿದ್ದಾರೆ. ಪುಕ್ಕಟೆ ಆಪರೇಷನ್ನಿಗೆ ಬಡ್ಡಿ ಯಾಕೆ?

ನಾವು ಅವರ ಮನೆಯಲ್ಲೇ ಕೂತು ಲೆಕ್ಕ ಹಾಕಿದೆವು. ಖಾಸಗಿ ಆಸ್ಪತ್ರೆಗೆ ಸೇರಬೇಕಾದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಆ ಚೀಟಿಗೆ ನಾಲ್ಕು ಸಲ ಅಲೆದಾಟ. ಸೇರುವುದಕ್ಕೆ ಮುಂಚೆಯೇ ಹೊರಗಡೆ ಮಾಡಿಸಿದ ಸ್ಕ್ಯಾನು, ರಕ್ತ ಪರೀಕ್ಷೆ 2,800. ಬಸ್ಸು, ಆಟೋ, ಜೊತೆಗಿದ್ದವರ ಊಟ 3,200. ಗಂಡನಿಗೆ 12 ದಿನದ ಕೂಲಿ ಹೋಯಿತು, ದಿನಕ್ಕೆ 500ರಂತೆ 6,000. ಆಕೆಗೆ ಕಳೆ ಕೀಳುವ ಕಾಲ. ಭಾರ ಎತ್ತಬೇಡಿ, ಬಗ್ಗಬೇಡಿ ಅಂತ ಡಾಕ್ಟರು ಹೇಳಿದ್ದರು. ಕೆಲಸವಿಲ್ಲದ ದಿನ ಬಿಟ್ಟು 30 ದಿನ ಹಿಡಿದರೂ 350ರಂತೆ 10,500. ಒಟ್ಟು 22,500. ಅದರಲ್ಲಿ 20,000 ಸಾಲ, ನೂರಕ್ಕೆ ಮೂರು ಬಡ್ಡಿ. ಇದ್ಯಾವುದೂ ಆಸ್ಪತ್ರೆಯ ಬಿಲ್ಲಿನಲ್ಲಿ ಇಲ್ಲ. ಬಿಲ್ಲಿನಲ್ಲಿ ಇಲ್ಲದ್ದು ಖರ್ಚೇ ಅಲ್ಲ ಅಂತ ಸರ್ಕಾರವೂ ತಿಳಿದಿದೆ, ನಾವೂ ತಿಳಿದಿದ್ದೇವೆ.

ಕಾರ್ಡು ಹರಿದು ಹಾಕಿ ಅಂತ ನಾವು ಹೇಳುತ್ತಿಲ್ಲ. ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಅಂದರೆ ಸಣ್ಣದಲ್ಲ. ಮೊದಲಾಗಿದ್ದರೆ ಆ ಆಪರೇಷನ್ನಿಗೆ ಇದ್ದ ಅರ್ಧ ಎಕರೆಯೂ ಹೋಗುತ್ತಿತ್ತು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ನೂರಕ್ಕೆ 64 ಇತ್ತು, 2021-22ರಲ್ಲಿ 39ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕ. ಇರಲಿ. ಆದರೆ ಕಳೆದುಹೋದ ಕೂಲಿ ಆ ಲೆಕ್ಕಕ್ಕೆ ಸೇರಿಲ್ಲ.

ಇನ್ನೊಂದು ಮಾತು. ಕಾರ್ಡು ನಡೆಯುವುದು ಹೆಚ್ಚಾಗಿ ಆಸ್ಪತ್ರೆಗೆ ಸೇರಿದವರಿಗೆ. ಮನೆಗೆ ಬಂದ ಮೇಲೆ 15 ದಿನದ ಔಷಧಿ, ಅಲ್ಲಿಗೆ ಮುಗಿಯಿತು. ನಮ್ಮ ಕೇರಿಗಳನ್ನು ತಿನ್ನುತ್ತಿರುವುದು ಸಕ್ಕರೆ, ಬಿ.ಪಿ., ರಕ್ತ ಇಲ್ಲದ ಹೆಂಗಸರ ಸುಸ್ತು, ಸವೆದ ಮಂಡಿ. ಇವಕ್ಕೆ ಬೇಕಾದ್ದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗುವ ಮಾತ್ರೆ. 'ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ' ಅಂದಾಗ ಕಾರ್ಡು ತೋರಿಸಿ ನೋಡಿ, ಏನು ಸಿಗುತ್ತದೆ ಅಂತ!

ಕಾಯಿಲೆಯವನಿಗೆ ಕೂಲಿ ಕೊಡುವುದು ಆಗದ ಮಾತು ಅಂತ ಓದಿದವರು ನಗುತ್ತಾರೆ. ನಗಲಿ. ಬಾಬಾಸಾಹೇಬರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1943ರಲ್ಲಿ, ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಡುವ ಕೆಲಸ ಪ್ರೊ. ಅದಾರ್ಕರ್ ಅವರಿಗೆ ಬಂತು. 1944ರಲ್ಲಿ ವರದಿ ಕೊಟ್ಟರು. 1948ರಲ್ಲಿ ಇ.ಎಸ್.ಐ. ಕಾಯ್ದೆ ಆಯಿತು. ಇ.ಎಸ್.ಐ. ಇರುವ ಕೆಲಸಗಾರ ಕಾಯಿಲೆ ಬಿದ್ದರೆ ಚಿಕಿತ್ಸೆಯೂ ಉಂಟು, ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಭಾಗವೂ ಉಂಟು. ಅದನ್ನು ಯಾರೂ ಪುಕ್ಕಟೆ ಅನ್ನುವುದಿಲ್ಲ, ಅದು ಅವನ ಹಕ್ಕು. ಹೊಲದಲ್ಲಿ ದುಡಿಯುವ ನಮಗೆ ಮಾತ್ರ ಅದು ಇವತ್ತಿಗೂ ದಕ್ಕಿಲ್ಲ. ನಮ್ಮ ಮೈ ಬೇರೆ ಮಣ್ಣಿನದಾ? ಕಾರ್ಖಾನೆಯವನಿಗೆ ಮಾಲೀಕನೂ ಕಂತು ಕಟ್ಟುತ್ತಾನೆ. ನಮ್ಮ ಬೆವರಿನಲ್ಲಿ ಬೆಳೆ ತೆಗೆದವರಿಗೆ ಯಾವ ಕಂತೂ ಇಲ್ಲ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು, ಮಾಲೀಕ ಯಾರು ಅಂತ ಹಿಡಿಯೋದು ಅಂತಾರೆ. ಹಾಗಾದರೆ ಸರ್ಕಾರವೇ ಆ ಕಂತು ಕಟ್ಟಲಿ.

ಆಸ್ಪತ್ರೆಗೆ ಸೇರಿದ ದಿನಕ್ಕೂ, ಡಾಕ್ಟರು ಕೆಲಸ ಬೇಡ ಅಂದ ದಿನಕ್ಕೂ ಕೂಲಿ ಕೊಡಿ ಅಂತ ನಾವು ಅರ್ಜಿ ಬರೆಯುತ್ತಿದ್ದೇವೆ. ಮುಂದಿನ ಸಭೆಗೆ ಬರುವವರು ನಿಮ್ಮ ಮನೆಯ ಕಾಯಿಲೆಯ ಚೀಟಿಗಳನ್ನು ತನ್ನಿ. ಬಸ್ ಟಿಕೇಟು ಉಳಿದಿದ್ದರೆ ಅದನ್ನೂ ತನ್ನಿ. ಬರೆಯಲು ಬಾರದವರು ಎಷ್ಟು ದಿನ ಕೂಲಿ ಹೋಯಿತು ಅಂತ ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.