ತಕ್ಕಡಿಯಲ್ಲಿ ಬಂದರು ಮತ್ತು ತಿಮಿಂಗಿಲ

ಪ್ರಯೋಗಶಾಲೆಯ ತಕ್ಕಡಿಯಲ್ಲಿ ಏನನ್ನಿಟ್ಟು ತೂಗಿದರೂ ಉತ್ತರ ಗ್ರಾಮಿನಲ್ಲಿ ಬರುತ್ತದೆ. ಒಂದು ತಟ್ಟೆಯಲ್ಲಿ ಬಂದರನ್ನೂ ಇನ್ನೊಂದರಲ್ಲಿ ತಿಮಿಂಗಿಲವನ್ನೂ ಇಟ್ಟರೆ ಯಾವ ಬಟ್ಟಿನಿಂದ ತೂಗಬೇಕು? ಹಣದಿಂದಲೋ, ಜೀವಗಳ ಲೆಕ್ಕದಿಂದಲೋ? ಕೆನಡಾ ದೇಶ ಹತ್ತು ವರ್ಷ ಈ ಪ್ರಶ್ನೆಯೊಡನೆ ಗುದ್ದಾಡಿತು.

ಆ ದೇಶದ ಅತಿ ದೊಡ್ಡ ಬಂದರು ಪಶ್ಚಿಮ ಕರಾವಳಿಯ ವ್ಯಾಂಕೂವರ್. ನಗರದ ದಕ್ಷಿಣಕ್ಕೆ, ಫ್ರೇಸರ್ ನದಿ ಕಡಲು ಸೇರುವ ಅಳಿವೆಯ ಬಳಿ ರಾಬರ್ಟ್ಸ್ ಬ್ಯಾಂಕ್ ಎಂಬ ಜಾಗವಿದೆ. 1970ರಿಂದ ಅಲ್ಲಿ ಕಲ್ಲಿದ್ದಲು ಹಡಗೇರುತ್ತಿದೆ. 1997ರಿಂದ ಕಂಟೇನರುಗಳೂ ಬಂದುಹೋಗುತ್ತಿವೆ. ಅದರ ಪಕ್ಕದಲ್ಲೇ ಕಡಲಿಗೆ ಮಣ್ಣು ತುಂಬಿ, ನೂರು ಹೆಕ್ಟೇರಿಗೂ ಮಿಕ್ಕ ಜಾಗ ಮಾಡಿ, ಮೂರು ದೊಡ್ಡ ಹಡಗು ನಿಲ್ಲುವಂಥ ಇನ್ನೊಂದು ಟರ್ಮಿನಲ್ ಕಟ್ಟುವ ಯೋಜನೆ 2013ರಲ್ಲಿ ಸರ್ಕಾರದ ಮುಂದೆ ಬಂತು. ಇದರಿಂದ ವರ್ಷಕ್ಕೆ 20 ಅಡಿ ಉದ್ದದ 24 ಲಕ್ಷ ಕಂಟೇನರುಗಳನ್ನು ಹೆಚ್ಚಿಗೆ ನಿಭಾಯಿಸಬಹುದೆಂದು ಲೆಕ್ಕ.

ಬಂದರು ಎಂದೊಡನೆ ಮೂಗು ಮುರಿಯಬೇಡಿ. ಕೆನಡಾದಿಂದ ಭಾರತಕ್ಕೆ ಬರುವ ಬಟಾಣಿ, ಮಸೂರ ಬೇಳೆಗಳಲ್ಲಿ ಬಹಳಷ್ಟು ಹೊರಡುವುದು ವ್ಯಾಂಕೂವರಿನಿಂದಲೇ. ಅಲ್ಲಿನ ರೈತನ ಬೆಳೆ, ಕಾರ್ಮಿಕನ ಕೂಲಿ, ನಮ್ಮ ಅಡಿಗೆಮನೆಯ ಡಬ್ಬಿ ಎಲ್ಲಕ್ಕೂ ಬಂದರಿನ ನಂಟಿದೆ. ಇಂದಿನ ಧಕ್ಕೆಗಳು ಮುಂದಿನ ವ್ಯಾಪಾರಕ್ಕೆ ಸಾಲವು ಎಂಬ ಬಂದರಿನವರ ವಾದ ಹುರುಳಿಲ್ಲದ್ದೇನಲ್ಲ.

ಇನ್ನು ಎರಡನೆಯ ತಟ್ಟೆ. ಆ ಕಡಲಿನಲ್ಲಿ ಓರ್ಕಾ ತಿಮಿಂಗಿಲಗಳ ಒಂದು ಬಳಗವಿದೆ. ಕಪ್ಪು ಬಿಳುಪು ಮೈಯ ಈ ಪ್ರಾಣಿ ನಿಜದಲ್ಲಿ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ. 1995ರಲ್ಲಿ ಈ ಬಳಗದಲ್ಲಿ 98 ಇದ್ದವು. 2024ರ ಜುಲೈ ಗಣತಿಗೆ ಉಳಿದದ್ದು 73. ಒಂದೊಂದಕ್ಕೂ ಸಂಶೋಧಕರು ಗುರುತಿನ ಸಂಖ್ಯೆ ಕೊಟ್ಟಿದ್ದಾರೆ. 2018ರಲ್ಲಿ ಜೆ35 ಎಂಬ ತಾಯಿ ಓರ್ಕಾ ತನ್ನ ಸತ್ತ ಮರಿಯನ್ನು 17 ದಿನ ನೀರಿನ ಮೇಲೆ ಹೊತ್ತು ಈಜಿದ್ದನ್ನು ಜಗತ್ತೇ ಕಂಡಿತು. ಗರ್ಭಾವಧಿಯೇ ಸುಮಾರು 17 ತಿಂಗಳು. ಕಳೆದುಹೋದ ಸಂಖ್ಯೆ ಬೇಗ ತುಂಬಿಬರುವುದಿಲ್ಲ.

ಈ ಓರ್ಕಾಗಳ ಊಟ ಮೀನು ಮಾತ್ರ. ಅದರಲ್ಲೂ ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನೇ ಅಚ್ಚುಮೆಚ್ಚು. ಬೆಳೆದ ಓರ್ಕಾಗೆ ದಿನಕ್ಕೆ ಸುಮಾರು 20 ಮೀನು ಬೇಕು. ಮಂಕು ನೀರಿನಲ್ಲಿ ಕಣ್ಣಿಗಿಂತ ಕಿವಿಯೇ ಮೇಲು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಕಡಲ ನೀರಿನಲ್ಲಿ ಸುಮಾರು 1500 ಮೀಟರ್ ಸಾಗುತ್ತದೆ. ಓರ್ಕಾ 'ಟಿಕ್ ಟಿಕ್' ಎಂದು ಸದ್ದು ಮಾಡಿ, ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಡಿದು ಬರುವ ಪ್ರತಿಧ್ವನಿಯಿಂದ ಬೇಟೆಯನ್ನು ಪತ್ತೆ ಮಾಡುತ್ತದೆ.

ಹಡಗಿನ ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ಅದರ ಅಲಗಿನ ಬಳಿ ಒತ್ತಡ ಇಳಿದು ಗುಳ್ಳೆಗಳೇಳುತ್ತವೆ. ಅವು ಕುಸಿಯುವಾಗ ದೊಡ್ಡ ಗದ್ದಲವಾಗುತ್ತದೆ. ಆ ಗದ್ದಲದಲ್ಲಿ ಮೆಲುವಾದ ಪ್ರತಿಧ್ವನಿ ಮುಳುಗಿಹೋಗುತ್ತದೆ. ದೋಣಿಗಳು ತೀರ ಹತ್ತಿರ ಬಂದಾಗ ಹೆಣ್ಣು ಓರ್ಕಾಗಳು ಬೇಟೆಯನ್ನೇ ಕೈಬಿಡುವುದು ಹೆಚ್ಚು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರಿಗೆ ಹಾಲೂಡಬೇಕಾದವಳು ಹಸಿದರೆ ಏನಾಗುತ್ತದೆಂದು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಮೀನಿನ ಮರಿಗಳ ಪಾಡೂ ಇದೆ. ನದಿಯಲ್ಲಿ ಹುಟ್ಟಿದ ಚಿನೂಕ್ ಮರಿ ನೇರವಾಗಿ ಉಪ್ಪುನೀರಿಗೆ ಜಿಗಿಯಲಾರದು. ಅಳಿವೆಯ ಸವಳು ನೀರಿನಲ್ಲಿ, ಕಡಲಹುಲ್ಲಿನ ನಡುವೆ ಕೆಲವು ಕಾಲ ಇದ್ದು, ತಿಂದು ಬೆಳೆದು, ಮೈಯನ್ನು ಉಪ್ಪಿಗೆ ಒಗ್ಗಿಸಿಕೊಳ್ಳುತ್ತದೆ. ಅದು ಆ ಮೀನಿನ ಬಾಲವಾಡಿ. ಅಲ್ಲಿ ಮಣ್ಣು ತುಂಬಿದರೆ ಮರಿಗಳು ಆಳದ, ಹೆಚ್ಚು ಉಪ್ಪಿನ ನೀರಿನಲ್ಲಿ ಸುತ್ತುಬಳಸಿ ಹೋಗಬೇಕು. ಅಂದರೆ ಒಂದೇ ಕಾಮಗಾರಿಯಿಂದ ಓರ್ಕಾದ ಕಿವಿಗೂ ಪೆಟ್ಟು, ತಟ್ಟೆಗೂ ಪೆಟ್ಟು!

2020ರ ಮಾರ್ಚಿನಲ್ಲಿ ವರದಿ ಕೊಟ್ಟ ಸ್ವತಂತ್ರ ಪರಿಶೀಲನಾ ಸಮಿತಿ, ಈ ಓರ್ಕಾಗಳಿಗೂ ಚಿನೂಕ್ ಮರಿಗಳಿಗೂ ಗಣನೀಯ ಹಾನಿಯಾಗುತ್ತದೆ ಎಂದೇ ಹೇಳಿತು. ಆದರೂ 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ, ದೇಶದ ಹಿತಕ್ಕೆ ಇದು ಬೇಕು ಎಂದು 370 ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು.

ಇಲ್ಲಿ ವಿಜ್ಞಾನದ ಕೆಲಸ ಎಲ್ಲಿ ಮುಗಿಯಿತು ನೋಡಿ. ಹಾನಿ ಎಷ್ಟೆಂದು ಹೇಳುವುದು ವಿಜ್ಞಾನ. ಆ ಹಾನಿಯನ್ನು ಒಪ್ಪಬಹುದೇ ಎಂದು ತೀರ್ಮಾನಿಸುವುದು ಸಮಾಜ. ತೀರ್ಮಾನಿಸುವಾಗ ನಾನು ಒಂದು ಅಳತೆಗೋಲು ಸೂಚಿಸುತ್ತೇನೆ: ತಪ್ಪಾದರೆ ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಲಾಗದು? ಬಂದರು ಐದು ವರ್ಷ ತಡವಾದರೆ ನಷ್ಟ ಖಂಡಿತ, ಆದರೆ ಮುಂದೆ ಕಟ್ಟಬಹುದು. ಕಡಲಹುಲ್ಲನ್ನು ಬೇರೆಡೆ ನೆಟ್ಟು ಸ್ವಲ್ಪಮಟ್ಟಿಗೆ ನಷ್ಟ ತುಂಬಬಹುದು. ಆದರೆ 73ರ ಬಳಗ ಅಳಿದುಹೋದರೆ ಯಾವ ಕಾರ್ಖಾನೆಯೂ ಅದನ್ನು ತಯಾರಿಸಿಕೊಡದು. ಆದ್ದರಿಂದ ಮೊದಲು ಕಡಲಿನ ಈಗಿನ ಗದ್ದಲ ಇಳಿಯಲಿ, ಮೀನು ಹೆಚ್ಚಲಿ. ಆಮೇಲೆ ಹೊಸ ಧಕ್ಕೆ ಏಳಲಿ ಎಂಬುದೇ ನನ್ನ ಮಟ್ಟಿಗೆ ಸರಿಯಾದ ಕ್ರಮ.

ಇದು ಬರಿಯ ಆಸೆಯಲ್ಲ. 2017ರಲ್ಲಿ ಅದೇ ಬಂದರಿನವರು ಓರ್ಕಾಗಳು ಓಡಾಡುವ ಹ್ಯಾರೊ ಜಲಸಂಧಿಯಲ್ಲಿ ಹಡಗುಗಳ ವೇಗವನ್ನು 11 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರಿಗೆ, ಇಳಿಸುವ ಪ್ರಯೋಗ ಮಾಡಿದರು. ಕಡ್ಡಾಯವಲ್ಲದಿದ್ದರೂ ಅನೇಕ ಹಡಗುಗಳು ಒಪ್ಪಿದವು. ನೀರಿನೊಳಗಿನ ಸದ್ದು ಅಳೆದು ನೋಡುವಷ್ಟು ಇಳಿಯಿತು.

ವಿದ್ಯಾರ್ಥಿಗಳೇ, ಈ ವಾರದ ಕೆಲಸ ಇಷ್ಟು. ಬಕೆಟ್ಟಿನ ತುಂಬ ನೀರು ಹಿಡಿದು, ಹೊರಮೈಗೆ ಕಿವಿ ಒತ್ತಿ ಕಣ್ಣು ಮುಚ್ಚಿಕೊಳ್ಳಿ. ತಮ್ಮನೋ ತಂಗಿಯೋ ನೀರೊಳಗೆ ಎರಡು ಚಮಚಗಳನ್ನು ಮೆಲ್ಲಗೆ ತಾಕಿಸಲಿ. ಎಷ್ಟು ಸಲವೆಂದು ಎಣಿಸಿ. ನಂತರ ಅದೇ ಬಕೆಟ್ಟಿಗೆ ನಲ್ಲಿ ಜೋರಾಗಿ ಬಿಟ್ಟು ಮತ್ತೆ ಎಣಿಸಿ. ಎರಡೂ ಲೆಕ್ಕ ಬರೆದಿಟ್ಟು, ರಾತ್ರಿ ಊಟದ ಹೊತ್ತಿಗೆ ಅಪ್ಪ ಅಮ್ಮನ ಮುಂದೆ ಬಂದರಿನ ಪ್ರಶ್ನೆ ಇಡಿ. ಓರ್ಕಾ ಪರ ಇರುವವರು ಬಂದರಿನ ಪರವಾಗಿ, ಬಂದರಿನ ಪರ ಇರುವವರು ಓರ್ಕಾ ಪರವಾಗಿ ವಾದಿಸಬೇಕು. ಎದುರಾಳಿಯ ತಟ್ಟೆಯಲ್ಲಿ ಏನಿದೆಯೆಂದು ನೋಡದೆ ತಕ್ಕಡಿ ಹಿಡಿಯಬಾರದು.