ತಿಜೋರಿಯೊಳಗಿನ ಬಿಳಿ ವೈನು: ಹಳೇದಾದಷ್ಟೂ ಚಲೋನಾ?

ಗಜೇಂದ್ರಗಡದ ಓದುಗರೊಬ್ಬರ ಪ್ರಶ್ನೆ ಇದು. "ಅಕ್ಕಾರ, ಮಗಳು ಹುಟ್ಟಿದ ವರ್ಷ ನಮ್ಮ ಮೈದುನ ಪುಣೆಯಿಂದ ಒಂದು ಬಿಳಿ ವೈನ್ ಬಾಟ್ಲಿ ತಂದಿದ್ದ. ಹಳೇದಾದಷ್ಟೂ ಚಲೋ ಆಗತೈತಿ, ಆಕಿ ಮದಿವ್ಯಾಗ ತಗೀರಿ ವೈನಿ ಅಂದ. ತಿಜೋರಿಯಾಗ ಸೀರಿ ಹಿಂದ ಇಟ್ಟೀನಿ. ಈಗ ಆಕಿಗೆ ಒಂಬತ್ತು. ಚೀಟಿ ಮ್ಯಾಲ ಸೊವಿನ್ಯೋ ಬ್ಲಾಂ, 2016 ಅಂತ ಐತಿ. ಇನ್ನ ಹದಿನೈದು ವರ್ಷ ಇರತೈತೇನ್ರಿ?"

ಇರೋದಿಲ್ರಿ ತಂಗಿ. ಬೇಜಾರಾದ್ರೂ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರ ಇಂಥ ಬಾಟ್ಲಿ ನಿಮ್ಮನ್ಯಾಗ ಅಷ್ಟೇ ಇಲ್ಲ. ರೋಣ, ನರಗುಂದದ ಕಡೆ ಎಷ್ಟೋ ಮನೆಗಳ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ನಿಂತಿರ್ತಾವು. ಕೊಟ್ಟವರ ಪ್ರೀತಿಗೆ ಇಟ್ಟದ್ದು. (ಕುಡೀರಿ ಅಂತಾಗಲಿ, ಬ್ಯಾಡ ಅಂತಾಗಲಿ ಹೇಳೋದು ಈ ಅಂಕಣದ ಕೆಲಸ ಅಲ್ಲ. ಮನೆಯಲ್ಲಿರೋ ವಸ್ತು ಕೆಡಬಾರದು, ಅಷ್ಟೇ.)

ಹಳೇದರ ಮೇಲೆ ನಮ್ಮ ಮಂದಿಗೆ ನಂಬಿಕೆ ಸುಮ್ಮನೆ ಬಂದಿಲ್ಲ. ಹಳೇ ಅಕ್ಕಿಯ ಅನ್ನ ಉದುರುದುರು ಆಗ್ತದೆ. ವರ್ಷ ದಾಟಿದ ನಿಂಬೆ ಉಪ್ಪಿನಕಾಯಿ ಹೊಟ್ಟೆನೋವಿಗೆ ಔಷಧಿ ಅನ್ನೋ ನಂಬಿಕೆ ಇದೆ. ಹುಣಸೆಹಣ್ಣು ಕಪ್ಪಾದಷ್ಟೂ ಸಾರಿಗೆ ರುಚಿ ಅಂತಾರೆ ಹಿರಿಯರು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇರೋದು. ವೈನನ್ನು ವರ್ಷಗಟ್ಟಲೆ ಕಾಯೋದರಲ್ಲಿ ಅದರ ಪಾಲು ದೊಡ್ಡದು. ಹುಳಿ ಗಟ್ಟಿ ಇದ್ದರೆ ವೈನು ಬಾಳ್ತದೆ, ಇಲ್ಲದಿದ್ದರೆ ಸೊರಗ್ತದೆ.

ಡ್ರೈ ವೈನ್ ಅಂದ್ರೆ ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಯೀಸ್ಟು ತಿಂದು ಮುಗಿಸಿದ್ದು, ಸಿಹಿ ಉಳಿದಿರೋದಿಲ್ಲ. ಕೆಂಪು ವೈನಿಗೆ ಸಿಪ್ಪೆ, ಬೀಜದ ಒಗರಿನ ರಕ್ಷಣೆ ಇರ್ತದೆ. ಬಿಳಿ ವೈನಿನಲ್ಲಿ ಸಾಮಾನ್ಯವಾಗಿ ಸಿಪ್ಪೆ ತೆಗೆದು ಬರೀ ರಸ ಹುದುಗಿಸ್ತಾರೆ. ಸಿಹಿಯೂ ಇಲ್ಲ, ಒಗರೂ ಇಲ್ಲ ಅಂದಮೇಲೆ ಅದು ಹುಳಿಯನ್ನೂ ತಂಪು ಜಾಗವನ್ನೂ ನೆಚ್ಚಿಕೊಂಡೇ ಬದುಕಬೇಕು.

ಇದು ಎಲ್ಲೋ ಫ್ರಾನ್ಸಿನ ಮಾತು ಅನ್ಕೋಬ್ಯಾಡ್ರಿ. ಗಜೇಂದ್ರಗಡದ ಆಚೆ ಕುಷ್ಟಗಿ ತಾಲೂಕಿನ ಹನುಮನಾಳದ ಕಡೆ ಕ್ರಸ್ಮಾ ಎಸ್ಟೇಟ್ಸ್‌ನವರ ದ್ರಾಕ್ಷಿ ತೋಟ ಇದೆ. ಅಲ್ಲೂ ಸೊವಿನ್ಯೋ ಬ್ಲಾಂ ಬೆಳೀತಾರೆ. ಬಿಸಿಲ ಸೀಮೆಯಲ್ಲಿ ದ್ರಾಕ್ಷಿ ಹಣ್ಣಾಗ್ತಾ ಹುಳಿಯನ್ನು ಬೇಗ ಕಳಕೊಳ್ತದೆ. ಜೊತೆಗೆ ಈ ತಳಿಯ ಸೊಗಸೇ ಹರೆಯದಲ್ಲಿದೆ. ಪೇರಲ, ಹಸಿ ದೊಣ್ಣೆಮೆಣಸಿನಕಾಯಿ, ಆಗಷ್ಟೇ ಕೊಯ್ದ ಹುಲ್ಲಿನಂಥ ವಾಸನೆ. ಎರಡು ಮೂರು ವರ್ಷದೊಳಗೆ ಅದು ಹಾರಿಹೋಗ್ತದೆ. ಆಮೇಲೆ ಆ ಜಾಗಕ್ಕೆ ಬೇರೇನೂ ಬಾರದಿದ್ದರೆ ಉಳಿಯೋದು ಸಪ್ಪೆ ನೀರು.

ಹಳೇದಾಗಿ ಚಲೋ ಆಗೋ ಡ್ರೈ ಬಿಳಿ ವೈನುಗಳು ಇಲ್ಲ ಅಂತಲ್ಲ. ಜರ್ಮನಿಯ ರೀಸ್ಲಿಂಗ್, ಫ್ರಾನ್ಸಿನ ಶಾಬ್ಲಿ ಹೆಸರಾದವು. ನನಗೆ ಸೋಜಿಗ ಅನ್ನಿಸೋದು ಆಸ್ಟ್ರೇಲಿಯಾದ ಹಂಟರ್ ಕಣಿವೆಯ ಸೆಮಿಯೋಂ, ಯಾಕಂದ್ರ ಅದೂ ನಮ್ಮಂಗ ಬಿಸಿಲ ನಾಡೇ. ಅಲ್ಲಿಯವರು ಹುಳಿ ಇರುವಾಗಲೇ ದ್ರಾಕ್ಷಿ ಕೊಯ್ದುಬಿಡ್ತಾರೆ. ಹೊಸದಿದ್ದಾಗ ಅದು ನಿಂಬೆಹುಳಿ ನೀರಿನಂಗಿದ್ದು ಕುಡಿದವರು ಮುಖ ಕಿವುಚ್ತಾರೆ. ಹತ್ತು ವರ್ಷ ತಂಪಿನಲ್ಲಿ ಮಲಗಿ ಎದ್ದರೆ ಜೇನುತುಪ್ಪ, ಸುಟ್ಟ ಬ್ರೆಡ್ಡಿನ ವಾಸನೆ! ಕಟ್ಟಿಗೆ ಪೀಪಾಯಿಯ ಸೋಂಕೂ ಇಲ್ಲದೆ ಅದು ಬರೋದು ಬರೀ ಕಾಲದಿಂದ. ಇನ್ನು ಹಳೇ ರೀಸ್ಲಿಂಗಿಗೆ ಚಿಮಣಿ ಎಣ್ಣೆಯ ವಾಸನೆ ಬರ್ತದೆ, ಬಲ್ಲವರು ಅದನ್ನೇ ಹೊಗಳ್ತಾರೆ. ನಮ್ಮತ್ತಿಯವರ ಮುಂದೆ ಇದನ್ನು ಹೇಳಿದ್ರೆ ಬಾಟ್ಲಿ ಸೀದಾ ಹಿತ್ತಲಿಗೆ ಹೋಗ್ತಿತ್ತು.

ಈಗ ಜಾಗದ ವಿಚಾರ. ವೈನು ಬೇಡೋದು 12ರಿಂದ 14 ಡಿಗ್ರಿ, ಅದೂ ವರ್ಷವಿಡೀ ಒಂದೇ ತೆರನಾಗಿ. ನಮ್ಮಲ್ಲಿ ಏಪ್ರಿಲ್‌ನಾಗ 40 ಮುಟ್ತದೆ. ಆರ್‌ಸಿಸಿ ಮನೆಯೊಳಗಿನ ಕಬ್ಬಿಣದ ತಿಜೋರಿ ರಾತ್ರಿಯೂ ಆರೋದಿಲ್ಲ. ಆ ಬಿಸಿಗೆ ವೈನು ಹತ್ತು ವರ್ಷದ ಮುಪ್ಪನ್ನು ಎರಡು ಮೂರು ಬೇಸಿಗೆಯಲ್ಲೇ ತಂದುಕೊಳ್ತದೆ, ಅದೂ ಅಡ್ಡಾದಿಡ್ಡಿಯಾಗಿ. ಹಳೇ ಮಣ್ಣಿನ ಮಾಳಿಗೆ ಮನೆ ಎಷ್ಟೋ ವಾಸಿ. ನಮ್ಮ ಹಿರಿಯರು ಜೋಳ ಇಡೋಕೆ ಎರೆಭೂಮಿಯಲ್ಲಿ ಹಗೇವು ತೋಡ್ತಿದ್ದರಲ್ಲ, ನೆಲದಾಳದಲ್ಲಿ ಬಿಸಿಲಿನ ಏರಿಳಿತ ತಟ್ಟೋದಿಲ್ಲ ಅನ್ನೋ ಅದೇ ತಿಳಿವಳಿಕೆ ಮೇಲೆ ಯುರೋಪಿನವರ ನೆಲಮಾಳಿಗೆಗಳೂ ನಿಂತಿವೆ. ಅಂಥ ತಾವು ಇಲ್ಲದಿದ್ದರೆ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯೇ ಗತಿ. ಬೂಚಿನ ಬಾಟ್ಲಿ ಅಡ್ಡ ಮಲಗಿಸ್ರಿ, ಇಲ್ಲಾಂದ್ರ ಬೂಚು ಒಣಗಿ ಗಾಳಿ ಒಳಗೆ ಹೋಗ್ತದೆ. ತಿರುಗಿಸೋ ಮುಚ್ಚಳ ಇದ್ದರೆ ಹೆಂಗಿಟ್ಟರೂ ನಡೀತದೆ. ಬೆಳಕು ಮಾತ್ರ ಬೀಳಬಾರದು. ಶೋಕೇಸು ಬ್ಯಾಡ ಅನ್ನೋದು ಅದಕ್ಕೇ.

ಹಂಗಾದ್ರ ಆ 2016ರ ಬಾಟ್ಲಿ? ಮೈದುನ ಮುಂದಿನ ಸಲ ಊರಿಗೆ ಬಂದಾಗ ತೆಗೆದುಬಿಡ್ರಿ. ಮೊದಲು ಬೂಚು ನೋಡ್ರಿ. ಮೇಲೆ ಉಬ್ಬಿದ್ದರೆ, ಕುತ್ತಿಗೆ ಅಂಟಂಟಾಗಿದ್ದರೆ ಬಿಸಿಲು ತನ್ನ ಕೆಲಸ ಮುಗಿಸಿದೆ ಅಂತ ಅರ್ಥ. ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ಹಿಂದೆ ಬಿಳಿ ಹಾಳೆ ಹಿಡೀರಿ. ಬಿಳಿ ವೈನು ವಯಸ್ಸಾದಂಗ ಬಂಗಾರದ ಬಣ್ಣಕ್ಕೆ ತಿರುಗ್ತದೆ, ಅದಕ್ಕೆ ಅಂಜಬ್ಯಾಡ್ರಿ. ಡಿಕಾಕ್ಷನ್ ಚಹಾದಂಗ ಕಂದು ಆಗಿದ್ದರೆ ಅದರ ಕಾಲ ಮುಗಿದಿದೆ. ಮೂಸಿದಾಗ ಜೇನು, ಬಾದಾಮಿ, ಒಣಹಣ್ಣು ನೆನಪಾದರೆ ನಿಮ್ಮ ಅದೃಷ್ಟ. ಹೆಚ್ಚಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ತೊಯ್ದ ರಟ್ಟಿನ ವಾಸನೆ ಬಂದರೆ ಅದು ಬೂಚಿನ ದೋಷ, ಹೊಸ ಬಾಟ್ಲಿಗೂ ಆಗ್ತದೆ.

ಕಡೆಗೆ ನಾಲಿಗೆ. ಒಂದು ಗುಟುಕು ಬಾಯಿತುಂಬ ಆಡಿಸಿದಾಗ ಕಪಾಳದಲ್ಲಿ ನೀರೂರಬೇಕು, ನುಂಗಿದ ಮೇಲೂ ರುಚಿ ಸ್ವಲ್ಪ ಹೊತ್ತು ನಿಲ್ಲಬೇಕು. ಹುಳಿ ಜೀವಂತ ಇದ್ದರೆ ವೈನೂ ಜೀವಂತ. ಫ್ರಿಜ್ಜಿನಿಂದ ತೆಗೆದ ಕೂಡಲೇ ರುಚಿ ನೋಡಬ್ಯಾಡ್ರಿ, ಕೊರೆಯೋ ತಂಪು ಎಲ್ಲ ವಾಸನೆಯನ್ನೂ ಮುಚ್ಚಿಡ್ತದೆ. ಇಪ್ಪತ್ತು ನಿಮಿಷ ಹೊರಗಿಡಬೇಕು ಅಂತಾರೆ, ನಮ್ಮ ಬೇಸಿಗೆಗೆ ಹತ್ತು ಸಾಕು.

ಮಗಳ ಮದುವೆಗೆ ಬೇಕೇ ಬೇಕಂದ್ರ ಆ ವರ್ಷವೇ ಹೊಸದೊಂದು ತರಸ್ರಿ. ಈ ಬಾಟ್ಲಿಯ ಚೀಟಿಯನ್ನು ಬಿಸಿನೀರಲ್ಲಿ ನೆನಸಿ ಬಿಡಿಸಿ ಆಲ್ಬಮ್ಮಿಗೆ ಅಂಟಿಸಿಡ್ರಿ, ವರ್ಷವೂ ಹೆಸರೂ ಅದರ ಮೇಲೇ ಇದೆ. ತೆಗೆದ ಮೇಲೆ ಉಳಿದದ್ದು ಫ್ರಿಜ್ಜಿನಲ್ಲಿ ಎರಡು ಮೂರು ದಿನ ತಡೀತದೆ. ಆಮೇಲೆ ಹೊರಗೆ ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟರೆ ನಿಧಾನಕ್ಕೆ ವಿನೆಗರ್ ಆದೀತು, ಉಳ್ಳಾಗಡ್ಡಿ ನೆನೆಹಾಕಿ ರೊಟ್ಟಿ ಜೋಡಿ ಹಚ್ಚಿಕೊಳ್ಳೋಕೆ ಬರ್ತದೆ.